ನಾಲ್ಕು ಬೆರಳು

ಅನಾರ್ಫಿ ಮೇಷ್ಟ್ರು ಕರಿಹಲಗೆಯ ಮೇಲೆ
ಎರಡು ಗೆರೆ ಎಳೆದರು.
ಕೆಳಗಿನದು ಹೊಲದ ಬೆಲೆ, ಮೇಲಿನದು ಪೇಟೆಯ ಬೆಲೆ,
ನಡುವೆ ಖಾಲಿ. ಅದರ ಹೆಸರು ಅಂತರ.
‘ಮಧ್ಯವರ್ತಿ ಇಲ್ಲಿ ಕೂತಿದ್ದಾನೆ’ ಎಂದು
ಸೀಮೆಸುಣ್ಣದಿಂದ ಒಂದು ಚುಕ್ಕೆ ಕುಟ್ಟಿದರು.

ಹಿಂದಿನ ಬೆಂಚಿನಲ್ಲಿ ನಾನು
ತಲೆ ತಗ್ಗಿಸಿ ತಿದ್ದಿಕೊಂಡೆ:
ಕೂತಿದ್ದಾನೆ ಅಲ್ಲ, ಕೂತಿದ್ದಾಳೆ.
ನಮ್ಮ ದೊಡ್ಡಮ್ಮ.

ಕೂತದ್ದನ್ನು ನಾನಂತೂ ಕಂಡವಳಲ್ಲ.
ಕುಮಾಸಿ ಪೇಟೆಯ ಟೊಮೆಟೊ ಸಾಲಿನಲ್ಲಿ
ಪೊಕುವಾ ಬಂದಳು ಅಂದರೆ ದಾರಿ ಬಿಡುತ್ತಾರೆ.
ಮಂಗಳವಾರ ರಾತ್ರಿ ಲಾರಿ ಹತ್ತಿದವಳು
ಶನಿವಾರ ನಸುಕಿಗೆ ಇಳಿಯುತ್ತಾಳೆ,
ಸೊಂಟದ ದುಡ್ಡಿನ ಗಂಟು ಸಡಿಲಾಗಿ,
ಕಣ್ಣು ಅವಳ ಸರಕಿನ ಬಣ್ಣಕ್ಕೆ ತಿರುಗಿ.
ಅಡಿಯ ಪೆಟ್ಟಿಗೆಗಳಿಂದ ರಸ ತೊಟ್ಟಿಕ್ಕುತ್ತದೆ.
ಆ ರಸಕ್ಕೂ ಪುಸ್ತಕದಲ್ಲಿ ಹೆಸರಿದೆ:
ಕೊಯ್ಲಿನ ನಂತರದ ನಷ್ಟ.
ಶೇಕಡಾ ಎಷ್ಟು ಅಂತ ಕೋಷ್ಟಕ ಹೇಳುತ್ತದೆ,
ನೊಣ ಎಷ್ಟು ಅಂತ ಹೇಳುವುದಿಲ್ಲ.

ಮೂರನೇ ವರ್ಷ ಕ್ಷೇತ್ರಕಾರ್ಯ. ಬಡಗಣ ಸೀಮೆ, ನವ್ರೊಂಗೊ.
ಕಾಲುವೆ ನೀರಿನ ಅಕೊಲ್ಗೊನ ಹೊಲ,
ನನ್ನ ಕೈಯಲ್ಲಿ ಆರು ಪುಟದ ಪ್ರಶ್ನಾವಳಿ.
ಹದಿನಾಲ್ಕನೇ ಪ್ರಶ್ನೆ:
ಒಂದು ಪೆಟ್ಟಿಗೆಯ ತೂಕ ಎಷ್ಟು ಕಿಲೋ?

ನಕ್ಕ. ಹೆಂಡತಿಯನ್ನೂ ಕರೆದ, ಅವಳೂ ನಗಲಿ ಅಂತ.
‘ಯಾವ ವರ್ಷದ ಪೆಟ್ಟಿಗೆ?
ನಮ್ಮಪ್ಪನ ಕಾಲದ್ದು ಮೊಣಕಾಲಿಗೆ ಬರುತ್ತಿತ್ತು,
ಈಗಿನದು ತೊಡೆಗೆ ಬಂದಿದೆ.
ಮಳೆಗೆ ನಮ್ಮ ಗಿಡ ಬೆಳೆಯುತ್ತದೆ ತಂಗೀ,
ಅವರ ಮರ ಕಡಿದ ಮೇಲೂ ಬೆಳೆಯುತ್ತದೆ.
ಬೆಲೆ ಕಟ್ಟುವುದು ಪೆಟ್ಟಿಗೆಗೆ, ಹಣ್ಣಿಗಲ್ಲ.’

ಶಿಯಾ ಮರದ ನೆರಳಿಗೆ ಹೋಗಿ ನೋಡಿದೆ.
ಖಾಲಿ ಪೆಟ್ಟಿಗೆಗಳ ಒಟ್ಟಿಲು.
ಪ್ರತಿಯೊಂದರ ಮಗ್ಗುಲಿಗೂ ನೀಲಿ ಬಣ್ಣದ ನಕ್ಷತ್ರ.
ಆ ನಕ್ಷತ್ರ ಬರೆದದ್ದು ನಾನೇ,
ಹೋದ ರಜೆಯಲ್ಲಿ, ದೊಡ್ಡಮ್ಮ ಕುಂಚ ಕೊಟ್ಟಾಗ.
ಬಾಯಂಚಿಗೆ ಹೊಸ ಹಲಗೆ, ಬಿಳಿಚು ಮರ,
ಮೊಳೆ ಇನ್ನೂ ತುಕ್ಕು ಹಿಡಿದಿಲ್ಲ.
ಬೆರಳಿಟ್ಟು ಅಳೆದೆ. ನಾಲ್ಕು.

ಬಸ್ಸಿನಲ್ಲಿ ರಾತ್ರಿಯಿಡೀ ಲೆಕ್ಕ ಹಾಕಿದೆ:
ನಾಲ್ಕು ಬೆರಳು, ಒಂದು ಲಾರಿಗೆ ಇಷ್ಟು ಪೆಟ್ಟಿಗೆ,
ವರ್ಷಕ್ಕೆ ಇಷ್ಟು ಲಾರಿ.
ಬಂದ ಉತ್ತರ ಎಲ್ಲೋ ಕಂಡದ್ದು ಅನಿಸಿತು.
ಕೈಚೀಲದ ರಸೀದಿ ತೆಗೆದು ನೋಡಿದೆ:
ಹಾಸ್ಟೆಲು, ಬೋಧನಾ ಶುಲ್ಕ, ಗ್ರಂಥಾಲಯ.
ತಾಳೆಯಾಗಲಿಲ್ಲ. ಹತ್ತಿರ ಬಂದಿತ್ತು.

ಕೇಳಿದೆ. ಅವಳು ನೋಟು ಎಣಿಸುವುದು ನಿಲ್ಲಿಸಲಿಲ್ಲ.
‘ಟಯರು ಸಿಡಿದ ದಿನ ಅವನು ಬಂದಿದ್ದನೇ?
ಕೊಳೆತದ್ದನ್ನು ಹಿಂದಕ್ಕೆ ತಗೊಳ್ಳುತ್ತಾನೇ?
ನಿನ್ನ ಮೇಷ್ಟ್ರು ಆ ಲಾರಿಯಲ್ಲಿ ಒಂದು ರಾತ್ರಿ ಮಲಗಲಿ.’
ಏಳನೇ ಪಾಠ ನಾಲಿಗೆಯ ತುದಿಗೆ ಬಂತು:
ಅಪಾಯಕ್ಕೂ ಒಂದು ಬೆಲೆಯುಂಟು.
ಅದೇ ಪಾಠದ ಮುಂದಿನ ಪುಟವೂ ಬಂತು:
ಚೌಕಾಶಿಯ ಬಲ ಯಾರ ಕೈಯಲ್ಲಿದೆ.
ಎರಡನ್ನೂ ನುಂಗಿ ಊಟ ಮಾಡಿದೆ.
ಸಾರು ಟೊಮೆಟೊದ್ದು.

ಮೌಖಿಕ ಪರೀಕ್ಷೆ. ಫ್ಯಾನು, ಮೂವರು, ನನ್ನ ಪ್ರಬಂಧ.
ಸಾಗಣೆ ಕಳೆದು, ಸುಂಕ ಕಳೆದು, ಕೊಳೆತದ್ದು ಕಳೆದು
ಇನ್ನೂ ಉಳಿದ ಶೇಷದ ಮೇಲೆ
ಅನಾರ್ಫಿ ಪೆನ್ನು ಊರಿದರು:
‘ಇದೇನು, ವಿವರಣೆಯೇ ಇಲ್ಲ?’

ಬಾಯಿ ಬರಲಿಲ್ಲ.
ಕೈ ಎತ್ತಿ ತೋರಿಸಿದೆ, ಹೆಬ್ಬೆರಳು ಮಡಚಿ.
‘ಓ, ಶೇಕಡಾ ನಾಲ್ಕು ತಪ್ಪು’ ಎಂದರು,
ಅಷ್ಟಕ್ಕೆ ಅಡ್ಡಿಯಿಲ್ಲ ಎಂದರು,
ಬರೆದುಕೊಂಡರು.