ಐದು, ಏಳು

ಜವಳಿ ತರಾಕ ಹುಬ್ಬಳ್ಳಿಗೆ ಹೊಂಟಾರ,
ಮನಿ ಮುಂದ ಟೆಂಪೋ ನಿಂತೈತಿ.
ಹದಿಮೂರು ಮಂದಿ, ಎರಡು ಬುತ್ತಿಗಂಟು,
ವಾಂತಿಗಂತ ಒಂದು ಖಾಲಿ ಚೀಲ.
ವೈನಿ ಮೂರನೇ ಸಲ ಒಳಗ ಬಂದು ಕೇಳಿದಳು:
"ನೀಲಾ, ಖರೇನ ಬರಂಗಿಲ್ಲೇನವಾ?"
ಮಷಿನ್ನಿಗೆ ಎಣ್ಣಿ ಬಿಡಕೋತ ಅಂದೆ:
"ಮದುವಿ ಭುವನಾಂದು, ಸೀರಿ ಆಕಿ ಮೆಚ್ಚಲಿ.
ಜಂಪರ ಮಾತ್ರ ಬ್ಯಾರೆ ಕಡೆ ಕೊಡಬ್ಯಾಡ್ರಿ."

ವೈನಿಗೆ ಗೊತ್ತಿಲ್ಲಂತಲ್ಲ.
ಜವಳಿ ಮುಗಿದ ಮ್ಯಾಲೆ ಚಪ್ಪಲಿ ಅಂಗಡಿ ಬರ್ತೈತಿ.
ಅಲ್ಲೆ ಒಬ್ಬ ಹುಡುಗ ಮೊಣಕಾಲೂರಿ ಕುಂದರ್ತಾನ,
ನನ್ನ ಎಡಗಾಲು ಹಿಡದು
ಅಟ್ಟದ ಮ್ಯಾಲಿನವಗ ಕೂಗ್ತಾನ: "ಐದು ನಂಬರು!"
ಬಲಗಾಲು ನೋಡಿ ಸುಮ್ಮನಾಗ್ತಾನ.
ಆ ಸುಮ್ಮನಾಗೋದು ಎಷ್ಟು ಜೋರಂದ್ರ
ಇಡೀ ಅಂಗಡಿ ತಿರುಗಿ ನೋಡತೈತಿ.
ಕನ್ನಡೀನೂ ನೆಲಕ್ಕ ಇಟ್ಟಿರ್ತಾರಲ್ಲ,
ಮಾರಿ ಬಿಟ್ಟು ಕಾಲಷ್ಟ ಕಾಣೂಹಂಗ.

ದುರ್ಗದಬೈಲಿನ್ಯಾಗ ಒಮ್ಮೆ, ನಾ ಹನ್ನೆರಡರಾಕಿ,
ಅವ್ವ ಮಾಲಕನ್ನ ಕೇಳಿದಳು:
"ಒಂದು ಮೂರು, ಒಂದು ನಾಕು, ಜೋಡಿ ಬಿಡಿಸಿ ಕೊಡಪಾ."
"ಉಳದದ್ದು ಯಾರಿಗೆ ಮಾರ್ಲಿ, ಎಕ್ಕಾ?" ಅಂದ.
ತಪ್ಪೇನಿಲ್ಲ ಅವಂದು. ಲೆಕ್ಕ ಲೆಕ್ಕನ.
ಎರಡೂ ಜೋಡಿ ತಗೊಂಡಿವಿ,
ಗಿರಮಿಟ್ಟಿನ ರೊಕ್ಕನೂ ಅದಕ್ಕ ಹೋತು.
ಬಸ್ಸಿನ್ಯಾಗ ಬಂಕಾಪುರ ದಾಟೂತನಕ
ಅವ್ವ ಕಿಡಕಿ ನೋಡಿದಳು, ನಾ ಡಬ್ಬಿ ನೋಡಿದೆ.

ಈಗ ರಾತ್ರಿ, ಮಷಿನ್ ಮುಚ್ಚಿ, ಮೊಬೈಲ್ ಹಿಡದು
ಐದು ಒತ್ತತೀನಿ. ಏಳು ಒತ್ತತೀನಿ.
ಯಾಕ ಅನ್ನಂಗಿಲ್ಲ ಅದು.
ಮೂರನೇ ದಿನಕ್ಕ ಮೌಲಾಲಿ, ಗಾಡಿ ಬಂದ್ ಮಾಡದ:
"ನೀಲಕ್ಕಾ, ಎರಡು ಡಬ್ಬಿ! ಒಂದು ಯಾರಿಗೆ?"
"ನನಗ."
"ಇನ್ನೊಂದು?"
"ಅದೂ ನನಗ."
ಚಪ್ಪಲಿ ಹುಚ್ಚು ಅಂತ ತಿಳದು ನಕ್ಕೋತ ಹೋಗ್ತಾನ.
ತಿಳಕೊಳ್ಳಲಿ ಬಿಡ್ರಿ. ನೀಲಕ್ಕಗೂ ಒಂದು ಶೋಕಿ ಐತಿ ಅಂತ
ಹಾವೇರಿಯೊಳಗ ಒಬ್ಬರರ ತಿಳದಾರಲ್ಲ.

ಉಳದ ಎರಡನ್ನ, ಜೋಡಿ ಅಲ್ಲದ ಜೋಡಿನ,
ಕೋರ್ಟಿನ ಮುಂದ ಕುಂದ್ರೂ ಭರಮಪ್ಪಗ ಕೊಡ್ತೀನಿ.
ನನ್ನ ಎಡ ಅಟ್ಟಿಗೆ ಒಂದೂವರಿ ಇಂಚು ಕೂಡಿಸೋನು ಅವನ.
ಕಾಲು ನೋಡಂಗಿಲ್ಲ, ಬರೂ ಸಪ್ಪಳ ಕೇಳ್ತಾನ:
"ಹಿಮ್ಮಡಿ ಹೊರಗ ಸವದೈತಿ, ಬಿಡು ಇಲ್ಲೆ,"
ತಲಿ ಎತ್ತದನ ಅಂತಾನ.
ಅವನ ಪೆಟಗಿಯೊಳಗ ಈಗ ಒಂಬತ್ತು ಎಡ, ಎಲ್ಲಾ ಏಳು;
ಒಂಬತ್ತು ಬಲ, ಎಲ್ಲಾ ಐದು.
ನೆಲ ಮುಟ್ಟಲಾರದಾವು.
"ಒಗೀಬ್ಯಾಡ ಕಾಕಾ. ಬ್ಯಾಡಗಿಯೊಳಗೋ ಸವಣೂರಾಗೋ
ಬಲಗಾಲು ಸಣ್ಣಾಕಿ ಒಬ್ಬಾಕಿ ಇರಬೇಕು,
ಆಕಿನೂ ಎರಡೆರಡು ಡಬ್ಬಿ ತರಿಸ್ತಿರಬೇಕು."
ದಾರಕ್ಕ ಮೇಣ ತಿಕ್ಕೋತ ಭರಮಪ್ಪ:
"ಇದ್ದರ ಬರ್ತಾಳ. ಚಪ್ಪಲಿ ಹರೀದನ ಇರ್ತಾವೇನು."

ಹೇಳಬಾರದು, ಹೇಳ್ತೀನಿ.
ನನ್ನ ಅಳತಿ ವಹಿಯೊಳಗ ಅರ್ಧ ಓಣಿ ಹೆಂಗಸರದಾರ.
ಡಾಕ್ಟರ ಬಾಯಾರ ಎಡಭುಜ ಮುಕ್ಕಾಲಿಂಚು ಕೆಳಗ.
ವೈನೀದು ರೊಟ್ಟಿ ಬಡಿಯೂ ತೋಳು ದಪ್ಪ.
ಮದುಮಗಳ ಬೆನ್ನು ಒಂದೆಳಿಯಷ್ಟು ವಾರಿ.
ಎರಡೂ ಕಡೆ ಒಂದ ನಂಬರಿನಾಕಿ
ಇಪ್ಪತ್ತೆರಡು ವರ್ಷದಾಗ ನನ್ನ ಟೇಪಿಗೆ ಸಿಕ್ಕಿಲ್ಲ.
ಕೂಗಿ ಹೇಳಂಗಿಲ್ಲ ನಾ.
ಒಳಹೊಲಿಗ್ಯಾಗ ಬಟ್ಟಿ ಬಿಟ್ಟಿರ್ತೀನಿ.

ರಾತ್ರಿ ಒಂಬತ್ತೂವರಿಗೆ ಟೆಂಪೋ ಬಂತು.
ಸೀರಿ ಬಂದುವು, ಜಗಳ ಬಂತು,
ಒಂದು ಕೊಡೆ ಹುಬ್ಬಳ್ಳಿಯೊಳಗ ಉಳೀತು.
ವೈನಿ ನನ್ನ ಮಷಿನ್ ಕಟ್ಟಿಗೆ ಕುಂತು
ಹೊಸಾ ಚಪ್ಪಲಿ ಕಳದು ಕಾಲು ತಿಕ್ಕಿದಳು.
"ಏನೋ ನೀಲಾ, ಬಲಗಾಲಿಗೆ ಸರಿಯಾಗೈತಿ,
ಎಡಗಾಲಿಗೆ ಕಚ್ಚಾಕತ್ತೈತಿ.
ಜೋಡಿ ಒಂದ ಐತೆಲ್ಲಾ, ಹಿಂಗ್ಯಾಕ?"

ಗುಳ್ಳಿ ನೋಡಿದೆ.
ಏನೂ ಅನ್ನಲಿಲ್ಲ.
ಕೊಬ್ಬರಿ ಎಣ್ಣಿ ಬಾಟ್ಲಿ ಹುಡಕಾಕ ಎದ್ದೆ.