ಎರಡು ಸೀಟಿ

ಹುಚ್ಚರಾಯಪ್ಪ ನಾನು,
ಶಿವಮೊಗ್ಗ–ಸಾಗರ ರೂಟಿನಲ್ಲಿ
ಇಪ್ಪತ್ತಾರು ವರ್ಷ ಟಿಕೆಟ್ ಹರಿದವನು.
ಒಂದು ಸೀಟಿಗೆ ನಿಲ್ಲು, ಎರಡಕ್ಕೆ ಹೊರಡು.
ಇದಕ್ಕಿಂತ ದೊಡ್ಡ ಕಾನೂನು ಕಂಡವನಲ್ಲ.

ಎದೆಯೊಂದು ಮಾತ್ರ ಹೇಳಿದ್ದು ಕೇಳುತ್ತಿರಲಿಲ್ಲ.
ಚೋರಡಿಯಲ್ಲಿ ನಾಲ್ಕು ಬಡಿತ ಒಟ್ಟಿಗೇ ಹತ್ತಿ
ಫುಟ್‌ಬೋರ್ಡಿಗೆ ಜೋತುಬೀಳುವುದು,
ಆಮೇಲೆ ಕುಂಸಿ ಬರುವವರೆಗೂ
ಖಾಲಿ ಸೀಟು.

ಡಾಕ್ಟರ್ ಇನಾಯತ್ ಬರೆದು ತೋರಿಸಿದರು:
ಪುಪ್ಪುಸದಿಂದ ಗುಂಡಿಗೆಗೆ ನಾಲ್ಕು ಕೊಳವೆ,
ಅವುಗಳ ಬಾಯಲ್ಲಿ ಕೂತು ಕಿತಾಪತಿ ಮಾಡುವ ಕರೆಂಟು.
ತೊಡೆಯ ದಾರಿಯಲ್ಲಿ ಬಲೂನು ಕಳಿಸುತ್ತೇವೆ,
ಮೈನಸ್ ಐವತ್ತು, ಮೂರು ನಿಮಿಷ,
ಮುಚ್ಚುವುದು ಕೊಳವೆಯನ್ನಲ್ಲ, ಗಲಾಟೆಯನ್ನು.
ಐಸ್‌ಕ್ಯಾಂಡಿಯಾ ಸಾರ್? ಅಂದೆ.
ನಕ್ಕರು.
ಸಹಿ ಹಾಕಿಸಿಕೊಳ್ಳುವಾಗ ನಗಲಿಲ್ಲ.

ಕಾಗದದ ತಳದಲ್ಲಿ ಸಣ್ಣಕ್ಷರ:
ಕೆಮ್ಮು, ಕಫದಲ್ಲಿ ರಕ್ತ, ವಪೆಯ ನರಕ್ಕೆ ಪೆಟ್ಟು.
ವಪೆ ಅಂದರೇನು ಎಂದಳು ಹಾಲಮ್ಮ.
ಟಿಕೆಟ್ಟಿನ ಹಿಂದೆ ಅಚ್ಚಾದದ್ದನ್ನು
ನಾನೇ ಯಾವತ್ತೂ ಓದಿಲ್ಲ ಮಾರಾಯ್ತಿ.

ಅರೆನಿದ್ದೆ. ಎಡಗಡೆಯ ಎರಡು ಮುಗಿದು ಬಲಗಡೆಯ ಸರದಿ.
ಸಿಸ್ಟರ್ ಪ್ರೆಸಿಲ್ಲಾ ನನ್ನ ಹೊಟ್ಟೆಯ ಮೇಲೆ
ಅಂಗೈ ಇಟ್ಟು ನಿಂತರು.
ಬಲಗಡೆ ನರಕ್ಕೆ ಯಂತ್ರ ತಟ್ಟುತ್ತದೆ,
ಒಂದು ತಟ್ಟಿಗೆ ಒಂದು ಬಿಕ್ಕಳಿಕೆ.
ಬಿಕ್ಕಳಿಕೆ ಸೊರಗಿದರೆ ಕೂಗಬೇಕು,
ತಣ್ಪು ನಿಲ್ಲಿಸಬೇಕು.
ಅವರದೂ ಸೀಟಿಯ ಕೆಲಸವೇ.

ಬಿಕ್ಕಳಿಸಿದರೆ ಯಾರೋ ನೆನೆಸುತ್ತಿದ್ದಾರೆ
ಅನ್ನುತ್ತಿದ್ದಳು ಅವ್ವ.
ನಿಮಿಷಕ್ಕೆ ನಲವತ್ತು ಸಲ ನನ್ನ ನೆನೆಯುವವರು ಯಾರಪ್ಪ?
ಚಿಲ್ಲರೆ ಬಾಕಿ ಇರುವವರೆ?
ಆನಂದಪುರ ಬಂದರೆ ಎಬ್ಬಿಸು ತಮ್ಮಾ ಅಂತ ಮಲಗಿದವಳು,
ನಾನು ಮರೆತು ಸಾಗರದಲ್ಲಿ ಇಳಿಸಿದ ಆ ಮುದುಕಿಯೆ?
ಪ್ರೆಸಿಲ್ಲಾ ತುಟಿಯಲ್ಲೇ ಎಣಿಸುತ್ತಿದ್ದರು.
ಇಷ್ಟು ವರ್ಷ ನಾನೇ ಎಲ್ಲರ ತಲೆ ಎಣಿಸಿದವನು;
ನನ್ನನ್ನು ಯಾರೂ ಎಣಿಸಿರಲಿಲ್ಲ.

ನರ ಉಳಿಯಿತು. ಬಡಿತ ಸಾಲಿಗೆ ಬಂತು.
ಎಡಗಡೆ ಮಾತ್ರ, ಅದಾಗಲೇ,
ತಣ್ಪು ಗೋಡೆ ದಾಟಿಬಿಟ್ಟಿತ್ತು.

ಗೊತ್ತಾದದ್ದು ಹನ್ನೊಂದನೇ ದಿನ,
ಗಾಡಿಕೊಪ್ಪದ ಮನೆಯ ಬಚ್ಚಲಲ್ಲಿ.
ಎಲೆಅಡಿಕೆ ಬಿಟ್ಟು ಎಂಟು ವರ್ಷವಾದವನ ಬಾಯಿಂದ
ಕೆಂಪು.
ಮತ್ತೆ ಶುರು ಹಚ್ಚಿದಿರಾ ಅಂತ ಬೈಯುತ್ತಾ ಬಂದ ಹಾಲಮ್ಮ
ಬಗ್ಗಿ ನೋಡಿದಳು,
ಬೈಗುಳ ಅರ್ಧಕ್ಕೇ ನಿಂತಿತು.

ಗುಂಡಿಗೆಯ ಮನೆಗೂ ಉಸಿರಿನ ಮನೆಗೂ
ನಡುವೆ ಒಂದೇ ತೆಳುಗೋಡೆ ಹುಚ್ಚರಾಯಪ್ಪ,
ಬಲೂನು ಅಲ್ಲಿಗೇ ಒತ್ತಿ ಕೂತಿತ್ತು, ಅಂದರು ಡಾಕ್ಟರು,
ತಪ್ಪು ಒಪ್ಪಿಕೊಳ್ಳುವ ದನಿಯಲ್ಲೂ ಅಲ್ಲ,
ತಳ್ಳಿಹಾಕುವ ದನಿಯಲ್ಲೂ ಅಲ್ಲ.
ಮೂಗಿನಿಂದ ಕ್ಯಾಮೆರಾ ಇಳಿಸಿದರು.
ಪರದೆಯ ಮೇಲೆ ನನ್ನ ಎಡ ಉಸಿರುಗೊಳವೆ:
ಒಳಗೋಡೆ ಬೆಂದಂತೆ ಕೆಂಪು, ನಡುವೆ ಬಿಳಿ ಕಲೆ.
ಬೆಂಕಿ ಸೋಕದೆಯೂ ಹೀಗೆ ಬೇಯುತ್ತದೆಂದು
ನನಗೆ ಯಾರು ಹೇಳಿದ್ದರು?

ತಾನಾಗಿ ಮಾಯುತ್ತದಂತೆ.
ರಕ್ತ ತೆಳುಮಾಡುವ ಗುಳಿಗೆ ಬಿಡುವ ಹಾಗಿಲ್ಲ:
ಬಿಟ್ಟರೆ ಗರಣೆ ಮಿದುಳಿಗೆ ಏರೀತು,
ನುಂಗಿದರೆ ಕರ್ಚೀಫಿಗೆ ಕಲೆ.
ಸೀಟಿ ಊದಬೇಡಿ ಅಂದರು, ಕೊನೆಗೆ,
ಬಾಗಿಲ ಹತ್ತಿರ, ಮರೆತದ್ದು ನೆನಪಾದವರಂತೆ.

ಈಗ ಐದು ರೂಪಾಯಿ ನಾಣ್ಯದಿಂದ ಕಂಬಿಗೆ ಬಡಿಯುತ್ತೇನೆ.
ಒಂದಕ್ಕೆ ನಿಲ್ಲು, ಎರಡಕ್ಕೆ ಹೊರಡು.
ಡ್ರೈವರ್ ಗೌಸ್‌ಪೀರನಿಗೆ ಒಗ್ಗಿಹೋಗಿದೆ.
ಸೀಟಿ ಅಂಗಿಜೇಬಿನಲ್ಲೇ ಇದೆ,
ಒಮ್ಮೊಮ್ಮೆ ತೆಗೆದು ಒರೆಸಿ ಇಡುತ್ತೇನೆ.
ಊರ ಹೆಸರು ಕೂಗುವಾಗ ಮಾತ್ರ
ಆಯನೂರು ಒಂದೇ ಉಸಿರಿಗೆ ಬರುತ್ತದೆ,
ಆನಂದಪುರಕ್ಕೆ ಎರಡು ಬೇಕು.

ನಿನ್ನೆ ಕುಂಸಿಯಲ್ಲಿ
ತಾನೇ ತಾನಾಗಿ ಬಿಕ್ಕಳಿಕೆ ಬಂತು, ಯಂತ್ರವಿಲ್ಲದೆ.
ಹೊಟ್ಟೆಯ ಮೇಲೆ ಅಂಗೈ ಇಟ್ಟು ಎಣಿಸಿದೆ.
ಮೂರು.
ಹೋಗೋಣ್ವಾ ಅಂತ ಯಾರೋ ಹಿಂದಿನಿಂದ ಕೂಗಿದರು.
ಇರಿ ಅಂದೆ,
ನಾಣ್ಯ ಹುಡುಕಿದೆ.