ಬಾಣಾವರದವರಿಗೆ ಮಾತ್ರ

ಅರಸೀಕೆರೆಯ ನಮ್ಮ ಹಿಟ್ಟಿನ ಗಿರಣಿಯಲ್ಲಿ
ರಾಗಿ ಸುರಿಯುವ ಬಾಯಿಗೆ ಮುಚ್ಚಳ ಒಂದು ಹಲಗೆ.
ಮದ್ದುಗುಂಡಿನ ಪೆಟ್ಟಿಗೆಯದು. ಮೇಲೆ ಅಪ್ಪನ ದುಂಡಕ್ಷರ,
ಹಿಟ್ಟು ಒರೆಸಿದರೆ ಕಾಣುತ್ತದೆ:
"ಅರಸೀಕೆರೆ ಜಂಕ್ಷನ್. ಇಲಿಗಳಿಗೆ ಟಿಕೆಟ್ ಇಲ್ಲ."

ಎಪ್ಪತ್ತೊಂದರ ಡಿಸೆಂಬರ್.
ಪಂಜಾಬಿನ ಯಾರದೋ ಗೋಧಿ ಹೊಲದ ಕೆಳಗೆ
ತಗಡು, ಮರಳುಚೀಲ, ಮಂಡಿಯೂರಿದರಷ್ಟೇ ತಲೆ ತಾಗದ ಮಾಡು.
ಲಾಂದ್ರದ ಮಸಿಗೆ ಬಂದೂಕಿನ ಎಣ್ಣೆ ಕಲಸಿ
ಬೇವಿನ ಕಡ್ಡಿ ಜಗಿದು ಮಾಡಿದ ಕುಂಚ.
ಪಕ್ಕದ ಗುಂಡಿಯಲ್ಲಿ ಕಲ್ಲೇಶಿ. ಅವನದೂ ಒಂದು ಬೋರ್ಡು:
"ಬಾಣಾವರ. ಗಾಡಿ ನಿಲ್ಲುವುದಿಲ್ಲ, ನೀವೇ ಹಾರಿಕೊಳ್ಳಿ."
ಎರಡು ಸ್ಟೇಷನ್ನಿನ ನಡುವೆ, ಬಗ್ಗಿಕೊಂಡು, ಹನ್ನೊಂದು ಹೆಜ್ಜೆ.

ಆ ಕಂದಕದಲ್ಲಿ ಕನ್ನಡ ಓದಬಲ್ಲವರು ಅವರಿಬ್ಬರೇ.
ಧೈರ್ಯ ಬಂತು. ಪಾಯಖಾನೆಯ ದಾರಿಗೆ ನೆಟ್ಟರು:
"ಸುಬೇದಾರರ ಭಾಷಣ ಕೇಳಿದವರು ಈ ಕಡೆ."
ಏನು ಬರೆದಿದ್ದೀಯ ಅಂತ ಸುಬೇದಾರರೇ ಕೇಳಿದರು.
ಅಪ್ಪ ಸೆಲ್ಯೂಟ್ ಹೊಡೆದ: "ದೇಶಕ್ಕೆ ಜಯವಾಗಲಿ ಅಂತ, ಸಾಬ್."
ಅವರಿಗೆ ಹಿಡಿಸಿತು. ಇನ್ನೆರಡು ಬರೆಯಲು ಹೇಳಿದರು.

ಪ್ರತಿ ಸಲವೂ ಕಥೆ ಇಲ್ಲಿಗೇ ನಿಲ್ಲುತ್ತಿತ್ತು.
ಬೆಲ್ಟು ಜಾರಿತೇನೋ ಎಂಬ ಹಾಗೆ ಅಪ್ಪ ಎದ್ದು ಹೋಗುತ್ತಿದ್ದ.
ಉಳಿದದ್ದನ್ನು ಹೇಳಿದವಳು ಅಮ್ಮ, ಮೊರದಲ್ಲಿ ಕೇರುತ್ತಾ, ಒಂದೇ ಮಾತಿನಲ್ಲಿ:
"ಹದಿನಾಲ್ಕನೇ ತಾರೀಕು ಬೆಳಗಾದಾಗ ಬಾಣಾವರ ಇರಲಿಲ್ಲ."

ಗಿರಣಿ ತೆಗೆದ ದಿನ ಅಪ್ಪ ಬಾಗಿಲ ಮೇಲೆ ಬರೆದ:
"ಯಾರಿಗೂ ಸಾಲ ಇಲ್ಲ. ಬಾಣಾವರದವರಿಗೆ ಮಾತ್ರ ಕೂಲಿಯೂ ಇಲ್ಲ."
ಆಮೇಲೆ ನೋಡಬೇಕಿತ್ತು!
ಗಂಡಸಿಯವರು, ಜಾವಗಲ್ಲಿನವರು, ಎದುರು ಬೀದಿಯ ಷಫಿಯ ಅಕ್ಕ ಕೂಡ
ಚೀಲ ಹೊತ್ತು ಬಂದರು. ಎಲ್ಲರೂ ಬಾಣಾವರ.
"ಬಾಣಾವರದಲ್ಲಿ ಎಲ್ಲಾಗುತ್ತೆ?"
"ಸ್ಟೇಷನ್ ಹತ್ರ." ಸುಳ್ಳಿಗೆ ಅದೇ ಸಲೀಸು.
"ಹೌದಾ? ಗಾಡಿ ನಿಲ್ಲುತ್ತಾ ಈಗ?"
"ನಿಲ್ಲುತ್ತೆ ಸ್ವಾಮಿ."
ಅಪ್ಪ ಹಲಗೆ ಎತ್ತಿ ಅವರ ರಾಗಿ ಸುರಿಯುತ್ತಿದ್ದ.

ಈಗ ಗಿರಣಿ ನನ್ನದು. ತಕ್ಕಡಿ ಕರೆಂಟಿನದು, ಬೆಲ್ಟು ಹೊಸದು.
ಬಾಗಿಲದನ್ನು ಅಳಿಸಕ್ಕಾ, ನಷ್ಟ, ಅನ್ನುತ್ತಾನೆ ಲೆಕ್ಕ ಬರೆಯುವ ತಮ್ಮ.
ನೋಡೋಣ.
ಬೆಳಿಗ್ಗೆ ಸೈಕಲ್ಲಿನಲ್ಲಿ ಒಬ್ಬ ಹುಡುಗ, ಹತ್ತು ಕಿಲೋ ಗೋಧಿ,
ನಾನು ಕೇಳುವ ಮೊದಲೇ ಅಂದ: "ಬಾಣಾವರ."
ಚೀಲದ ಮೇಲೆ ದಪ್ಪಕ್ಷರದಲ್ಲಿ ತಿಪಟೂರಿನ ಮಂಡಿಯ ಹೆಸರು.
ಆ ಮಗ್ಗುಲನ್ನು ಗೋಡೆಗೆ ತಿರುಗಿಸಿಟ್ಟೆ.